ಮೇಷ್ಟ್ರಿಗೆ ಉಳಿದಿದ್ದ ‘ವೆರಿ’

ಹೋದ ವಾರ ಸೀಗೆಪುಡಿ ತರಲು ಅಗ್ರಹಾರದ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂದೆ ನಿಂತಿದ್ದ ಹೆಂಗಸಿಗೆ ಅಂಗಡಿಯವರು ವಾತದ ಎಣ್ಣೆಯ ಸೀಸೆಯ ಬಿರಡೆ ತೆಗೆದು ಮೂಸಿ ನೋಡಲು ಕೊಟ್ಟರು. ಎಳ್ಳೆಣ್ಣೆಯಲ್ಲಿ ಬೇರುಗಳನ್ನು ಕುದಿಸಿದಂಥ, ಕರ್ಪೂರ ಬೆರೆತ, ಕೊನೆಯಲ್ಲಿ ಸ್ವಲ್ಪ ಕಹಿ ಹೊಡೆಯುವ ಆ ವಾಸನೆ ನನ್ನವರೆಗೂ ಬಂತು. ಅಷ್ಟೇ. ರಾಜೀವನಗರದ ಮಹಡಿ ಮನೆ, ಕಿಟಕಿಯ ಪಕ್ಕದ ಮಂಚ, ಅದರ ಮೇಲೆ ತಮ್ಮ ಬಲಗೈಯನ್ನು ಯಾರದೋ ಸಾಮಾನಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಮ್ಮ ಇಂಗ್ಲಿಷ್ ಮೇಷ್ಟ್ರು... ಸೀಗೆಪುಡಿ ಕೇಳುವುದನ್ನೇ ಮರೆತು ಮನೆಗೆ ಬಂದೆ.

ಅವರೂ ನಾನೂ ಒಂದೇ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆವು. ನಾನು ಕನ್ನಡ, ಅವರು ಇಂಗ್ಲಿಷ್. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರಿಗೂ ಸೇರಿ ಒಂದೇ ಮೇಜು. ಅವರು ನಂಜನಗೂಡಿನ ಕಡೆಯ ಒಂದು ಹಳ್ಳಿಯವರು, ಮಠದ ಹಾಸ್ಟೆಲ್ಲಿನಲ್ಲಿ ಉಂಡು ಓದಿ ಮೇಲೆ ಬಂದವರು. ಹಣೆಯ ವಿಭೂತಿ ಸಂಜೆಯವರೆಗೂ ಅಳಿಸುತ್ತಿರಲಿಲ್ಲ. ತರಗತಿಯಲ್ಲಿ ಅವರ ಇಂಗ್ಲಿಷು ಇಸ್ತ್ರಿ ಹಾಕಿದ ಅಂಗಿಯಂತೆ ನೆಟ್ಟಗಿರುತ್ತಿತ್ತು. ಬೆಲ್ ಹೊಡೆದು ಸ್ಟಾಫ್ ರೂಮಿಗೆ ಬಂದರೋ, ‘ಅಂಗಲ್ಲ ಮೇಡಂ’, ‘ಎಂಗೂ ಆಯ್ತದೆ ಬುಡಿ’ ಎಂದು ಊರಿನ ಮಾತಿಗೆ ಇಳಿಯುತ್ತಿದ್ದರು.

ಅವರಿಗೆ ಒಂದು ಪದದ ಮೇಲೆ ಜನ್ಮದ ಸಿಟ್ಟಿತ್ತು. ಆ ಪದ ‘ವೆರಿ’. ಹುಡುಗಿಯರು ‘ಮೈ ಮದರ್ ಈಸ್ ವೆರಿ ವೆರಿ ಗುಡ್’ ಎಂದು ಬರೆದರೆ ಎರಡು ‘ವೆರಿ’ಗಳ ಮೇಲೂ ಕೆಂಪು ಶಾಯಿಯ ಅಡ್ಡಗೀಟು ಬೀಳುತ್ತಿತ್ತು. ಬರೆದವಳನ್ನು ಕರೆದು, ‘ಅಮ್ಮ ಎಷ್ಟು ಒಳ್ಳೇವ್ರು ಅಂತ ಬ್ಯಾಡ ಕಣಮ್ಮ, ಬೆಳಗ್ಗೆ ಎದ್ದು ನಿಂಗೇನ್ ಮಾಡ್ತಾರೆ ಅಂತ ಬರಿ’ ಎನ್ನುತ್ತಿದ್ದರು. ಬರೆಯಲು ಏನೂ ತೋಚದವರು ಹಿಡಿದುಕೊಳ್ಳುವ ಊರುಗೋಲು ಅದು ಎಂಬುದು ಅವರ ವಾದ. ಕ್ರಿಯಾಪದದ ಮುಂದೆ ಅದನ್ನು ತಂದು ಕೂರಿಸಿ ‘ಐ ವೆರಿ ಲೈಕ್’ ಎಂದರಂತೂ ಅವರ ಮುಖ ಹಲ್ಲುನೋವು ಬಂದವರ ಹಾಗಾಗುತ್ತಿತ್ತು.

‘ವೆರಿ’ಗೂ ‘ಟೂ’ಗೂ ಇರುವ ವ್ಯತ್ಯಾಸವನ್ನು ಅವರು ಹೇಳಿಕೊಡುತ್ತಿದ್ದ ರೀತಿ ನನಗೆ ಇಷ್ಟವಾಗಿತ್ತು. ಕಾಫಿ ‘ವೆರಿ ಹಾಟ್’ ಆಗಿದ್ದರೆ ಊದಿಕೊಂಡು ಕುಡಿಯಬಹುದು, ‘ಟೂ ಹಾಟ್’ ಆಗಿದ್ದರೆ ಕುಡಿಯಲಾಗದು. ಒಂದು ಬರೀ ಹೆಚ್ಚು, ಇನ್ನೊಂದು ಮಿತಿಮೀರಿದ್ದು. ಹಾಗೆ ನೋಡಿದರೆ ಕನ್ನಡದಲ್ಲಿ ನಾವು ಎರಡಕ್ಕೂ ‘ತುಂಬಾ’ ಎಂದುಬಿಡುತ್ತೇವೆ. ‘ನಿಮ್ಮ ತುಂಬಾನೇ ವಾಸಿ ಮೇಡಂ, ಕೊಡ ತುಂಬೋದು ಕಣ್ಣಿಗೆ ಕಾಣ್ತದೆ. ಈ ವೆರಿ ಒಳಗೆ ಏನೂ ಇಲ್ಲ’ ಎಂದು ಒಮ್ಮೆ ಹೇಳಿದ್ದರು. ಬಹಳ ಹಿಂದೆ ಅದರ ಅರ್ಥ ‘ನಿಜವಾದ’ ಎಂದಿತ್ತಂತೆ. ಎಲ್ಲರೂ ಎಲ್ಲದಕ್ಕೂ ಬಳಸಿ ಬಳಸಿ ಸವೆಸಿಬಿಟ್ಟರು ಎಂದು ಬೇಸರಪಟ್ಟುಕೊಳ್ಳುತ್ತಿದ್ದರು.

ಆ ಸಿಟ್ಟಿನ ಮೂಲವನ್ನೂ ಅವರೇ ನಗುತ್ತಾ ಹೇಳಿದ್ದರು. ಓದು ಮುಗಿಸಿ ಹೋದ ಮೊದಲ ಸಂದರ್ಶನದಲ್ಲಿ ಎದುರಿಗಿದ್ದವರು ಕೂತುಕೊಳ್ಳಿ ಎಂದಾಗ, ಇವರು ವಿನಯದಿಂದ ‘ವೆರಿ ಥ್ಯಾಂಕ್ಸ್ ಸಾರ್’ ಎಂದರಂತೆ.

‘ನಕ್ಬುಟ್ರು ಮೇಡಂ ಎಲ್ರೂವೆ. ಆಮೇಲೆ ನನ್ನ ಏನೂ ಕೇಳ್ನೇ ಇಲ್ಲ. ನೀರು ಕುಡ್ದು ಹೋಗಿ ಅಂದ್ರು.’

ಬಸ್ ಚಾರ್ಜಿಗೂ ಸಾಲ ಮಾಡಿ ಬಂದಿದ್ದ ಹುಡುಗ ಅವತ್ತು ಸಂಜೆಯವರೆಗೂ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದನಂತೆ. ಅದನ್ನು ಹೇಳುವಾಗ ಮಾತ್ರ ಅವರು ನಗುತ್ತಿರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಅದೇ ಸೀಮೆಯ ಹೆಂಗಸು, ಐದನೆಯ ತರಗತಿಯವರೆಗೆ ಓದಿದವರು. ಸ್ಕೂಲ್ ಡೇಗೆ ಬಂದರೆ ಹಿಂದಿನ ಸಾಲಿನಲ್ಲಿ ಕೂತು ಗಂಡನ ಇಂಗ್ಲಿಷ್ ಭಾಷಣವನ್ನು ಪೂಜೆ ನೋಡಿದಂತೆ ನೋಡುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು.

ಒಂದು ಭಾನುವಾರ ಬೆಳಗ್ಗೆ ಅಕ್ಕನ ಫೋನ್ ಬಂತು. ‘ಮೇಡಂ, ಗಡ್ಡ ಕೆರ್ಕತಾ ನಿಂತಿದ್ರು. ಬಾಯಿ ಸೊಟ್ಟ ಮಾಡ್ಕಂಡು ಏನೋ ಅಂದ್ರು. ತಮಾಸೆ ಮಾಡ್ತಾವ್ರೆ ಅನ್ಕಂಡೆ. ಅಂಗೇ ಕುಸ್ದೋದ್ರು.’

ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋಗಿಯಾಗಿತ್ತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮೈಯ ಬಲಭಾಗ ಪೂರ್ತಿ ಹೋಗಿದೆ ಎಂದರು. ಜೀವಕ್ಕೇನೂ ಆಗಲಿಲ್ಲ. ಕೆಲವು ದಿನ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿದ್ದರು. ಆಮೇಲೊಂದು ಮಧ್ಯಾಹ್ನ, ನಾನೂ ಇದ್ದೆ, ನರ್ಸ್ ಬಂದು ದಿಂಬು ಸರಿಮಾಡುವಾಗ ಅವರ ತುಟಿ ಅಲುಗಿತು. ಗಂಟಲಿನಿಂದ ಏನೋ ಹೊರಳಿ ಬಂತು.

‘ವೆರಿ.’

ಸ್ಪಷ್ಟವಾಗಿಯೇ ಅಂದರು. ಅಕ್ಕ ಅಳುತ್ತಾ ನಕ್ಕರು, ಪಕ್ಕದ ಮಂಚದವರಿಗೆಲ್ಲ ಹೇಳಿ ಬಂದರು. ನಾನು ಮಾತ್ರ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದೆ. ಆ ಪದವನ್ನು ಬೇರೆ ಯಾರೋ ಆಡಿದರೆಂಬಂತೆ ಅವರು ಬೆಚ್ಚಿ ಅತ್ತಿತ್ತ ನೋಡಿದ್ದರು. ಮತ್ತೆ ಬಾಯಿ ತೆರೆದರು. ಮತ್ತೆ ಅದೇ ಬಂತು.

ಮೆದುಳಿನಲ್ಲಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ ಎಂದು ಡಾಕ್ಟರು ವಿವರಿಸಿದರು. ಕೆಲವರಿಗೆ ಹೀಗೆ ಒಂದೇ ಒಂದು ಪದ ಉಳಿದುಬಿಡುತ್ತದಂತೆ. ಯಾಕೆ ಆ ಪದವೇ ಉಳಿಯಿತು ಎಂದು ಯಾರೂ ಹೇಳಲಾರರಂತೆ. ಅಕ್ಕನಿಗೆ ಅದೆಲ್ಲ ಬೇಕಿರಲಿಲ್ಲ. ‘ಒಂದು ಬಂತಲ್ಲ ಮೇಡಂ, ಮಿಕ್ಕಿದ್ದೂ ಬತ್ತವೆ’ ಎಂದರು.

ಮಿಕ್ಕಿದ್ದು ಬರಲಿಲ್ಲ.

ಮನೆಗೆ ಕರೆತಂದ ಮೇಲೆ ನಾನು ಭಾನುವಾರಗಳಂದು ರಾಜೀವನಗರಕ್ಕೆ ಹೋಗುತ್ತಿದ್ದೆ. ಮೆಟ್ಟಿಲು ಹತ್ತುವಾಗಲೇ ಎಣ್ಣೆಯ ವಾಸನೆ ಬರುತ್ತಿತ್ತು. ಅಕ್ಕ ಅವರ ಬಲಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೀವುತ್ತಾ ಕೂತಿರುತ್ತಿದ್ದರು. ನನ್ನನ್ನು ನೋಡಿದರೆ ಮೇಷ್ಟ್ರ ಕಣ್ಣು ಅರಳುತ್ತಿತ್ತು. ‘ವೆರಿ...’ ಎಂದು ಶುರು ಮಾಡುತ್ತಿದ್ದರು. ಮುಂದಿನ ಪದ ಇಲ್ಲೇ ಎಲ್ಲೋ ಇದೆ, ಈಗ ಸಿಕ್ಕೇಬಿಡುತ್ತದೆ ಎಂಬಂತೆ ನನ್ನ ಮುಖವನ್ನು, ಗೋಡೆಯನ್ನು, ಕಿಟಕಿಯನ್ನು ಹುಡುಕುತ್ತಿದ್ದರು. ನಾವಿಬ್ಬರೂ ಕಾಯುತ್ತಿದ್ದೆವು... ಕೊನೆಗೆ ಅಕ್ಕನೇ ಏನಾದರೂ ತುಂಬುತ್ತಿದ್ದರು. ‘ಸೆಕೆ ಅಂತಾವ್ರೆ.’ ‘ಬೆನ್ನು ನೋಯ್ತದೆ ಅಂತಾವ್ರೆ.’ ಕೆಲವೊಮ್ಮೆ ಅದು ಸರಿಯಿರುತ್ತಿತ್ತು. ಸರಿಯಿಲ್ಲದಿದ್ದಾಗ ಅವರು ಎಡಗೈಯಿಂದ ಮಂಚವನ್ನು ಗುದ್ದುತ್ತಿದ್ದರು.

ವ್ಯಾಕರಣ ಗೊತ್ತಿದ್ದ ನನಗೆ ಒಂದು ದಾರಿ ಹೊಳೆಯಿತು. ‘ವೆರಿ’ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಬೆನ್ನಿಗೆ ಇನ್ನೊಂದು ಪದ ಬೇಕು. ಆದರೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರವಾಗಿ ಒಂದೇ ನಿಲ್ಲಬಲ್ಲದು. ಹಸಿವಾ? ವೆರಿ. ಸುಸ್ತಾ? ವೆರಿ. ಹಾಗಾದರೆ ನಾವು ಸರಿಯಾದ ಪ್ರಶ್ನೆ ಕೇಳುತ್ತಾ ಹೋದರೆ ಸಾಕಲ್ಲ ಎಂದು ಅಕ್ಕನಿಗೆ ಹೇಳಿಕೊಟ್ಟೆ. ಅವರು ಬಹಳ ಶ್ರದ್ಧೆಯಿಂದ ಕಲಿತರು. ಕೆಲವು ದಿನ ಮನೆಯಲ್ಲಿ ಮಾತುಕತೆಯಂಥದೇ ನಡೆಯಿತು. ಆಮೇಲೆ ತಿಳಿಯಿತು, ‘ಸಾಕಾ?’ ಎಂದರೂ ‘ವೆರಿ’, ‘ಇನ್ನೂ ಬೇಕಾ?’ ಎಂದರೂ ‘ವೆರಿ’. ತಲೆಯಾಡಿಸಿ ಎಂದರೆ ಬೇಡವಾದದ್ದಕ್ಕೂ ಹೂಂ ಎನ್ನುವಂತೆ ತಲೆಯಾಡುತ್ತಿತ್ತು. ಹಾಗೆ ಆಡಿಸಿದ್ದು ತಾವಲ್ಲ ಎಂಬಂತೆ ಅವರ ಕಣ್ಣುಗಳು ನಮ್ಮನ್ನೇ ಬೇಡುತ್ತಿದ್ದವು.

ಮಾತು ಕಲಿಸಲು ಬರುತ್ತಿದ್ದ ಹುಡುಗಿ ಬಣ್ಣದ ಚಿತ್ರದ ಕಾರ್ಡುಗಳನ್ನು ತಂದುಕೊಟ್ಟಿದ್ದಳು. ನೀರಿನ ಲೋಟ, ತಟ್ಟೆ, ಬಚ್ಚಲು, ನೋವಿಗೆ ಅಳುವ ಮುಖ. ಬೇಕಾದ್ದನ್ನು ಬೆರಳಿಂದ ಮುಟ್ಟಿ ತೋರಿಸಬೇಕು. ಮೇಷ್ಟ್ರು ಅವನ್ನು ಒಮ್ಮೆ ನೋಡಿದರು. ಎಡಗೈಯಿಂದ ಗುಡಿಸಿ ನೆಲಕ್ಕೆ ಹಾಕಿದರು. ಆ ಹುಡುಗಿ ತಾಳ್ಮೆಯಿಂದ ಎತ್ತಿಕೊಟ್ಟಷ್ಟು ಸಲವೂ ಹಾಗೇ ಮಾಡಿದರು.

‘ಬ್ಯಾಡ ಬುಡಿ ಮೇಡಂ’ ಎಂದರು ಅಕ್ಕ ನನಗೆ. ‘ಅಷ್ಟು ಮಕ್ಕಳಿಗೆ ಪಾಠ ಏಳ್ದೋರು. ಎಳೆ ಕೂಸಿನಂಗೆ ಬೊಂಬೆ ಮುಟ್ಟಿ ಅಂದ್ರೆ ಎಂಗಾಗಬೇಕು ಅವ್ರಿಗೆ?’

ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಸಜ್ಜೆಯ ಮೇಲಿಟ್ಟರು. ಅದರಲ್ಲಿ ಯಾರದೇ ತಪ್ಪಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಸ್ಕೂಲಿನ ಹೊತ್ತಾಯಿತೆಂದರೆ ಮೇಷ್ಟ್ರು ತುಂಬುತೋಳಿನ ಬಿಳಿ ಅಂಗಿಯ ಕಡೆ ಕೈ ತೋರಿಸುತ್ತಿದ್ದರು. ಹಾಕಿದರೆ ಮಾತ್ರ ಸಮಾಧಾನ. ಕೋಲು ಹಿಡಿದು ನಡೆಯುವಷ್ಟಾದ ಮೇಲೆ ಅಕ್ಕ ನನ್ನನ್ನು ಕೇಳಿದರು, ‘ಒಂದ್ಸಲ ಕರ್ಕಂಡೋಗಿ ಮೇಡಂ. ಬೋರ್ಡ್ ನೋಡುದ್ರೆ ನೆಪ್ಪಾದ್ರೂ ಬತ್ತದೇನೋ.’ ಹೆಡ್ ಮೇಡಂ ಒಪ್ಪಿದರು. ಆಟೋದಲ್ಲಿ ದಾರಿಯುದ್ದಕ್ಕೂ ಅವರು ಬೆನ್ನು ಸೆಟೆಸಿ ಕೂತಿದ್ದರು. ಅಕ್ಕ ಅವತ್ತು ವಿಭೂತಿಯನ್ನು ಎಂದಿಗಿಂತ ದಟ್ಟವಾಗಿ ಹಚ್ಚಿದ್ದರು.

ಒಂಬತ್ತನೆಯ ತರಗತಿಯ ಹುಡುಗಿಯರು ಎದ್ದು ನಿಂತು ಒಕ್ಕೊರಲಿನಿಂದ ನಮಸ್ಕಾರ ಹೇಳಿದರು. ಮೇಷ್ಟ್ರು ಕೋಲನ್ನು ಮೇಜಿಗೆ ಒರಗಿಸಿ, ಎಡಗೈಯಲ್ಲಿ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದರು. ನಿಧಾನವಾಗಿ, ಒಂದೊಂದೇ ಅಕ್ಷರ, ಸೊಟ್ಟಸೊಟ್ಟವಾಗಿ ಬರೆದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬಂದದ್ದು ‘ವೆರಿ’ಯೇ.

ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದರ ಮೇಲೆ ಅಡ್ಡಗೀಟು ಎಳೆದರು.

ಪಕ್ಕದಲ್ಲಿ ಮತ್ತೆ ಬರೆದರು. ಮತ್ತೆ ಅದೇ. ಮತ್ತೆ ಗೀಟು. ಕೆಳಗೆ ಇನ್ನೊಂದು. ತರಗತಿಯಲ್ಲಿ ಸುಣ್ಣ ಉಜ್ಜುವುದು ಮಾತ್ರ ಕೇಳುತ್ತಿತ್ತು. ಬರೆಯುವುದು, ನೋಡುವುದು, ಹೊಡೆದುಹಾಕುವುದು... ಸಿಟ್ಟೂ ಇರಲಿಲ್ಲ ಅವರ ಮುಖದಲ್ಲಿ. ಯಾರದೋ ಉತ್ತರ ಪತ್ರಿಕೆ ತಿದ್ದುವಾಗ ಇರುತ್ತಿದ್ದಂಥ ಮುಖ. ಕೈಗೆಟುಕುವ ಜಾಗವೆಲ್ಲ ತುಂಬಿದ ಮೇಲೆ ಮುಂದಿನ ಬೆಂಚಿನಿಂದ ಯಾರೋ ಬಿಕ್ಕಿದ್ದು ಕೇಳಿಸಿತು. ನಾನು ಹೋಗಿ ಅವರ ಮೊಣಕೈ ಹಿಡಿದೆ. ‘ಸಾಕು ಸಾರ್, ಮನೆಗೆ ಹೋಗೋಣ’ ಎಂದೆ. ಅವರು ಸೀಮೆಸುಣ್ಣವನ್ನು ಜಾಗದಲ್ಲಿಟ್ಟು, ಕೈಗೆ ಅಂಟಿದ್ದ ಪುಡಿಯನ್ನು ಅಂಗಿಗೆ ತಾಗದಂತೆ ಊದಿಕೊಂಡು ಬಂದರು.

ಆಮೇಲೆ ಅವರು ಆ ಬಿಳಿ ಅಂಗಿಯ ಕಡೆ ಕೈ ತೋರಿಸಲಿಲ್ಲ.

ಸ್ಕೂಲಿಗೆ ಬೇರೆ ಇಂಗ್ಲಿಷ್ ಟೀಚರು ಬಂದರು. ನೋಡಲು ಬರುತ್ತಿದ್ದವರು ಕಡಿಮೆಯಾದರು. ಏನು ಮಾತಾಡುವುದೆಂದು ತಿಳಿಯದೆ ಎಷ್ಟು ಹೊತ್ತು ಕೂರುವುದು, ಅವರನ್ನೂ ದೂರುವಂತಿಲ್ಲ. ಮೇಷ್ಟ್ರು ಆ ಒಂದು ಮಾತನ್ನೂ ತಾವಾಗಿ ಆಡುವುದನ್ನು ಬಿಟ್ಟರು. ಕೇಳಿದರೆ ಮಾತ್ರ ಹೇಳುತ್ತಿದ್ದರು. ಆ ದನಿಯನ್ನು ಕೇಳಲೆಂದೇ ಅಕ್ಕ ದಿನವೆಲ್ಲ ಏನಾದರೂ ಕೇಳುತ್ತಿದ್ದರು. ಅದರಲ್ಲೂ ಊಟದ ಹೊತ್ತಿಗೆ.

‘ಚೆನ್ನಾಗದಾ?’

‘ವೆರಿ.’

ಒಂದು ಭಾನುವಾರ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, ನಾಚಿಕೊಂಡು, ಮೆಲ್ಲಗೆ ಹೇಳಿದರು. ‘ಮದುವೆಯಾದಾಗ್ಲಿಂದ ಒಂದಿನಾನೂ ಅಡುಗೆ ಚೆನ್ನಾಗದೆ ಅಂದೋರಲ್ಲ ಮೇಡಂ ಇವ್ರು. ಈಗ ದಿನಾ ಅಂತಾವ್ರೆ.’ ಅಷ್ಟೆಲ್ಲ ಕಳೆದುಕೊಂಡ ಮನೆಯಲ್ಲಿ ಅವರಿಗೆ ಸಿಕ್ಕಿದ್ದು ಅದೊಂದೇ. ನಾನು ‘ಹೌದಕ್ಕ’ ಎಂದೆ.

ಅದು ಚಳಿಗಾಲ. ಅವರೆಕಾಯಿ ಬಂದಿತ್ತು. ಒಂದು ಬೆಳಗ್ಗೆ ಅಕ್ಕ ಅವರೆಕಾಳಿನ ಉಪ್ಪಿಟ್ಟು ಮಾಡಿದ್ದರು, ಮೇಷ್ಟ್ರಿಗೆ ಪ್ರಾಣ ಅದು. ಮುಂದೆ ನಡೆದದ್ದನ್ನು ನಾನು ಅಕ್ಕನ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಪ್ರತಿಸಲವೂ ಅವರು ಅದನ್ನು ಮೊದಲ ಸಲ ಹೇಳುವವರಂತೆ ಹೇಳುತ್ತಾರೆ.

‘ಎದ್ದಾಗ್ಲಿಂದ್ಲೂವೆ ವೆರಿ ವೆರಿ ಅಂತಿದ್ರು ಮೇಡಂ. ಕೇಳ್ದೆ ಇದ್ರೂ ಅವ್ರೇ ಅಂತಿದ್ರು. ನಂಗೆ ಎಷ್ಟು ಖುಸಿಯಾಯ್ತು ಗೊತ್ತಾ, ಮಾತು ವಾಪಸ್ ಬತ್ತಾ ಅದೆ ಅಂತ. ಉಪ್ಪಿಟ್ಟು ಕೊಟ್ಟೆ. ಒಂದೆರಡು ತುತ್ತು ತಿಂದ್ರು. ನನ್ನ ಸೆರಗು ಇಡ್ಕಂಡ್ರು. ವೆರಿ ಅಂದ್ರು. ಚೆನ್ನಾಗದಾ ಅಂದೆ. ವೆರಿ ಅಂದ್ರು. ಇನ್ನೊಂಚೂರು ಆಕ್ಲಾ ಅಂದೆ. ವೆರಿ ಅಂದ್ರು. ಆಕ್ದೆ. ಸೆರಗು ಬುಡಿಸ್ಕಂಡು ಕಾಫಿ ತರಕ್ಕೆ ಒಳಕ್ಕೋದೆ...’

ಕಾಫಿ ತರುವಷ್ಟರಲ್ಲಿ ಅವರು ತಟ್ಟೆಯ ಮೇಲೆ ಬಗ್ಗಿದ್ದರು. ಹೃದಯಾಘಾತ. ಬೆಳಗಿನಿಂದಲೇ ನೋವಿದ್ದಿರಬೇಕು, ಆಗಲೇ ಕರೆತಂದಿದ್ದರೆ ನೋಡಬಹುದಿತ್ತು ಎಂದು ಆಸ್ಪತ್ರೆಯಲ್ಲಿ ಯಾರೋ ಅಂದರು. ಅಂದವರು ಮರೆತಿರುತ್ತಾರೆ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಕ್ಕ ನನ್ನ ಎದುರು ಬಂದು ಕೂತರು. ಅಳುತ್ತಿರಲಿಲ್ಲ.

‘ಮೇಡಂ, ಅವ್ರು ಅಂತಿದ್ರಲ್ಲ, ಆ ಮಾತಿಗೆ ಅರ್ಥ ಏನು?’

ಇಷ್ಟು ದಿನ ಆ ಪದದ ಜೊತೆಯಲ್ಲೇ ಬದುಕಿ ಅದರ ಅರ್ಥವನ್ನು ಅವರು ಯಾರನ್ನೂ ಕೇಳಿರಲಿಲ್ಲ. ಗಂಡನ ಮುಖದಿಂದಲೇ ಓದಿಕೊಂಡಿದ್ದರು.

‘ತುಂಬಾ ಅಂತ ಅಕ್ಕ.’

‘ತುಂಬಾ ಚೆನ್ನಾಗದೆ ಅನ್ನಕ್ಕೂ ಅದೇನಾ?’

‘ಹೂಂ.’

‘ತುಂಬಾ ನೋವು ಅನ್ನಕ್ಕೂ ಅದೇನಾ?’

ಅವರು ನನ್ನನ್ನೇ ನೋಡುತ್ತಾ ಕಾಯುತ್ತಿದ್ದರು. ಕೊನೆಗೆ, ‘ಎರಡಕ್ಕೂ ಅದೇ ಅಕ್ಕ’ ಎಂದೆ. ಅವರು ಪಾಠ ಒಪ್ಪಿಸಿದ ಹುಡುಗಿಯಂತೆ ತಲೆಯಾಡಿಸಿ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದರು.

ರಾಜೀವನಗರದ ಮನೆ ಖಾಲಿ ಮಾಡಿ ಅವರು ಉದಯಗಿರಿಯಲ್ಲಿರುವ ತಂಗಿಯ ಮನೆಗೆ ಹೋದರು. ಅಷ್ಟು ದಿನ ಗಂಡನನ್ನು ನೋಡಿಕೊಂಡ ಅನುಭವವಿತ್ತಲ್ಲ, ಕುವೆಂಪುನಗರದ ಕಡೆ ಯಾರದೋ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು ಎಂದು ಫೋನಿನಲ್ಲಿ ಹೇಳಿದ್ದರು. ಕೇಳಿ ನೆಮ್ಮದಿಯಾಗಿತ್ತು. ಆಮೇಲೆ ನನ್ನ ಕೆಲಸ, ನನ್ನ ಮನೆ... ಹೋಗಿ ನೋಡಲು ಆಗಿರಲಿಲ್ಲ.

ಎಣ್ಣೆಯ ವಾಸನೆ ಬಡಿದ ಮಾರನೆಯ ದಿನ ಉದಯಗಿರಿಗೆ ಹೋದೆ. ಕೆಳಗೆ ತಂಗಿಯ ಗಂಡನ ಬೈಕ್ ರಿಪೇರಿ ಅಂಗಡಿ, ಮೇಲೆ ಮನೆ. ಅಕ್ಕ ಗೋಡೆಗೊರಗಿ ಕೂತಿದ್ದರು. ಇಳಿದುಹೋಗಿದ್ದರು. ಕೆಲಸ ಹೇಗಿದೆ ಎಂದು ಕೇಳಿದ್ದಕ್ಕೆ ತಂಗಿಯೇ ಉತ್ತರ ಕೊಟ್ಟರು.

‘ಬರಬ್ಯಾಡಿ ಅಂದ್ಬುಟ್ರು ಕಣ್ರೀ. ಆ ಅಜ್ಜಿನ ಗಳಿಗೆಗೊಂದ್ಸಲ ನೋವಾಯ್ತದಾ, ನೋವಾಯ್ತದಾ ಅಂತ ಇವ್ಳು ಕೇಳದಂತೆ. ಇಲ್ಲ ಅಂದ್ರೂ ಬುಡದಿಲ್ವಂತೆ. ಅದು ಎದ್ರುಕೊಂಡು, ನಂಗೇನೋ ಆಗದೆ, ನೀವೆಲ್ಲ ಮುಚ್ಚಿಡ್ತಿದೀರಿ ಅಂತ ಅಳಕ್ಕೆ ಸುರು ಮಾಡ್ತಂತೆ. ಇಟ್ಕಳ್ಳಕ್ಕಾಗದಿಲ್ಲ ಅಂದ್ರು. ಇಲ್ಲೂ ಅಷ್ಟೇಯ. ಉಣ್ಣಕ್ಕೆ ಕೂತೋರ್ನೆಲ್ಲ ಕೇಳ್ತಾಳೆ.’

ಅಕ್ಕ ಬೇರೆ ಯಾರದೋ ವಿಷಯ ಕೇಳುವಂತೆ ಕೇಳುತ್ತಿದ್ದರು. ತಂಗಿ ಕಾಫಿ ತಂದರು. ನಾನು ಸ್ಕೂಲಿನ ಸುದ್ದಿ ಹೇಳಿದೆ, ಅವರು ಹೂಂಗುಟ್ಟಿದರು. ಮೇಷ್ಟ್ರ ಮಾತು ಇಬ್ಬರೂ ಎತ್ತಲಿಲ್ಲ. ಎತ್ತಿದ್ದರೆ ಆ ಮನೆಯಲ್ಲಿ ಅದನ್ನು ಇಡಲು ಜಾಗವೂ ಇರಲಿಲ್ಲ. ಮೇಷ್ಟ್ರ ದನಿ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದರೆ, ಅಷ್ಟು ವರ್ಷ ಒಂದೇ ಮೇಜಿನಲ್ಲಿ ಕೂತು ಆಡಿದ ಸಾವಿರ ಮಾತುಗಳಲ್ಲಿ ಒಂದೂ ಈಗ ಅವರದೇ ದನಿಯಲ್ಲಿ ಕೇಳಿಸುವುದಿಲ್ಲ. ಆ ಒಂದು ಪದವೇ ಉಳಿದೆಲ್ಲವನ್ನೂ ಒರೆಸಿಹಾಕಿದೆ.

ಹೊರಡಲು ಎದ್ದಾಗ ಅಕ್ಕ ನನ್ನ ಕೈ ಹಿಡಿದರು.

‘ನಿಮ್ಗೆ ಎಲ್ಲೂ ನೋವಿಲ್ಲ ತಾನೆ ಮೇಡಂ?’

‘ಇಲ್ಲ ಅಕ್ಕ. ಚೆನ್ನಾಗಿದ್ದೀನಿ.’

ಅವರು ನನ್ನ ಮುಖವನ್ನು ಹುಡುಕಿದರು. ಕೈ ಬಿಟ್ಟರು. ನಾನು ಮೆಟ್ಟಿಲಿಳಿದು ಬೀದಿಗೆ ಬಂದು ಹತ್ತು ಹೆಜ್ಜೆ ನಡೆದಿರಬಹುದು, ಮೇಲಿನಿಂದ ಅದೇ ಪ್ರಶ್ನೆ ಮತ್ತೆ ಬಂತು. ತಿರುಗಿ ನೋಡಿದೆ. ಅಕ್ಕ ಕಂಬಿ ಹಿಡಿದು ಬಗ್ಗಿ ನಿಂತಿದ್ದರು. ಇಲ್ಲ ಎಂದು ಕೂಗಿದೆ. ಅಂಗಡಿಯಲ್ಲಿ ಯಾವುದೋ ಬೈಕನ್ನು ಜೋರಾಗಿ ರೇಸ್ ಮಾಡುತ್ತಿದ್ದರು. ಅಕ್ಕ ಕಿವಿಯ ಹಿಂದೆ ಕೈಯಿಟ್ಟುಕೊಂಡು, ಇನ್ನಷ್ಟು ಬಗ್ಗಿ, ಮತ್ತೊಮ್ಮೆ ಕೇಳಿದರು.